ಒಂಬತ್ತನೆಯವನ ಹರಕೆ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ. ಐದು ವರ್ಷ ಅದರಲ್ಲಿ ಬೆಂದವ ನಾನು, ನನ್ನ ಮಾತು ನಂಬಬಹುದು: ಇಲ್ಲ. ಅದೂ ಯಾರ ಮೇಲೆ ಅಂತೀರಿ? ಹೆಂಡತಿಯ ಒಡಹುಟ್ಟಿದ ತಮ್ಮನ ಮೇಲೆ. ನಮ್ಮದೇ ಮನೆಯಲ್ಲಿ ಮೂರು ವರ್ಷ ಉಂಡು ಮಲಗಿದವ, ಟೆನಿಸ್ ರ‍್ಯಾಕೆಟ್ ಹಿಡಿಯುವುದನ್ನು ನನ್ನ ಕೈಯಿಂದಲೇ ಕಲಿತವ. ಇದನ್ನು ನನ್ನ ಹೆಂಡತಿ ಓದುವವಳಿದ್ದಾಳೆ. ಓದಲಿ. ಇಷ್ಟು ದಿನ ಅವಳಿಗೆ ಗೊತ್ತಿರಲಿಲ್ಲ, ಇನ್ನು ಮುಚ್ಚಿಟ್ಟು ಏನು ಮಾಡುವುದುಂಟು?

ಚೆಂಬೂರಿನ ನಮ್ಮ ಕಾಲೊನಿಯಲ್ಲಿ ಆಗ ನಾಲ್ಕು ಹಳೆಯ ಬಿಲ್ಡಿಂಗು, ನಡುವೆ ಒಂದು ಸಿಮೆಂಟಿನ ಟೆನಿಸ್ ಕೋರ್ಟು. ಬಿಲ್ಡಿಂಗುಗಳೆಲ್ಲ ರೀಡೆವಲಪ್‌ಮೆಂಟಿಗೆ ಹೋಗಿ ಈಗ ಎರಡು ಟವರ್ ಎದ್ದಿವೆ, ಕೋರ್ಟಿದ್ದಲ್ಲಿ ಕಾರು ನಿಲ್ಲಿಸುತ್ತಾರೆ. ಆ ಕೋರ್ಟಿಗೆ ಒಬ್ಬರು ಯಜಮಾನರಿದ್ದರು. ಧಾರವಾಡ ಕಡೆಯವರು, ಸ್ಕೂಲಿನಲ್ಲಿ ಭೂಗೋಳ ಕಲಿಸಿ ರಿಟೈರ್ ಆದವರು. ನಾವೆಲ್ಲ ಮಾಸ್ತರು ಎಂದೇ ಕರೆಯುತ್ತಿದ್ದೆವು. ಜಗತ್ತಿನ ಗಂಡಸರ ಟೆನಿಸ್ಸಿನಲ್ಲಿ ವರ್ಷದ ಕೊನೆಗೊಂದು ದೊಡ್ಡ ಟೂರ್ನಮೆಂಟು ಆಗುತ್ತದಲ್ಲ, ಅದೇ ಅವರ ರಾಮಾಯಣ, ಅದೇ ಅವರ ಮಹಾಭಾರತ.

ವರ್ಷವಿಡೀ ಆಡಿ ಎಲ್ಲರಿಗಿಂತ ಹೆಚ್ಚು ಪಾಯಿಂಟು ಗಳಿಸಿದ ಎಂಟೇ ಜನರಿಗೆ ಅಲ್ಲಿ ಜಾಗ. ಎರಡು ಗುಂಪು, ಗುಂಪಿಗೆ ನಾಲ್ವರು, ಒಬ್ಬೊಬ್ಬನಿಗೂ ಮೂರು ಮ್ಯಾಚು. ಬೇರೆ ಕಡೆ ಒಮ್ಮೆ ಸೋತವ ಗಂಟುಮೂಟೆ ಕಟ್ಟಬೇಕು. ಇಲ್ಲಿ ಸೋತವನೂ ಕೊನೆಗೆ ಕಪ್ ಎತ್ತಬಹುದು. ಮಾಸ್ತರಿಗೆ ಅದಕ್ಕಿಂತ ಹೆಚ್ಚು ಇಷ್ಟವಾದದ್ದು ಆ ಟೂರ್ನಮೆಂಟಿನ ಅಲೆದಾಟ. ಟೋಕಿಯೋದಲ್ಲಿ ಹುಟ್ಟಿತಂತೆ. ಮರುವರ್ಷ ಪ್ಯಾರಿಸ್, ಆಮೇಲೆ ಬಾರ್ಸಿಲೋನ, ಬೋಸ್ಟನ್, ಮೆಲ್ಬರ್ನ್, ಸ್ಟಾಕ್‌ಹೋಮ್, ಹ್ಯೂಸ್ಟನ್. ನ್ಯೂಯಾರ್ಕಿಗೆ ಹೋದ ಮೇಲೆಯೇ ಅದು ಒಂದೇ ಮನೆಯಲ್ಲಿ ವರ್ಷಗಟ್ಟಲೆ ಕೂತದ್ದು. ಅಲ್ಲಿ ಎಷ್ಟೋ ಸಲ ವರ್ಷದ ಕೊನೆಯ ಆಟವನ್ನು ಮುಂದಿನ ವರ್ಷದ ಜನವರಿಯಲ್ಲಿ ಆಡಿದರಂತೆ! ಮುಂದೆ ಜರ್ಮನಿ, ಶಾಂಘೈ, ಲಂಡನ್, ಈಚೆಗೆ ಇಟಲಿಯ ಟ್ಯೂರಿನ್. “ಮುಂಬೈಗೆ ಬಂದ ಹೊಸಾ ಸಂಸಾರ ಹನ್ನೊಂದು ತಿಂಗಳಿಗೊಮ್ಮೆ ಮನಿ ಬದಲಿ ಮಾಡ್ತದಲ್ಲ, ಹಂಗ ನೋಡ್ರೀಪಾ ಇದು,” ಎನ್ನುತ್ತಿದ್ದರು.

ಅದೇ ಮಾದರಿಯಲ್ಲಿ ನಮ್ಮ ಕಾಲೊನಿಗೂ ಅವರೊಂದು ಟೂರ್ನಮೆಂಟು ಮಾಡಿದರು. ಭಾನುವಾರದ ಆಟಗಳ ಪಾಯಿಂಟು ಕೂಡಿಸಿ, ನವೆಂಬರಿನ ಒಂದು ವಾರ ಎಂಟು ಜನರನ್ನು ಆಡಿಸುವುದು. ಊರು ಬದಲಿಸಬೇಕಲ್ಲ? ಇದ್ದದ್ದು ಒಂದೇ ಕೋರ್ಟು. ಅದಕ್ಕೆ ವರ್ಷ ವರ್ಷ ಗೇಟಿನ ಹತ್ತಿರ ಕರಿ ಹಲಗೆಯ ಮೇಲೆ ಚಾಕ್‌ಪೀಸಿನಲ್ಲಿ ಊರಿನ ಹೆಸರು ಬದಲಿಸುತ್ತಿದ್ದರು. ಮೊದಲ ವರ್ಷ ಟೋಕಿಯೋ, ಮರುವರ್ಷ ಪ್ಯಾರಿಸ್. ಮೆಲ್ಬರ್ನಿನಲ್ಲಿ ಹುಲ್ಲಿನ ಮೇಲೆ ಆಡಿದ್ದರೆಂದು ಆ ವರ್ಷ ಕೋರ್ಟಿನ ಸುತ್ತ ಹುಲ್ಲಿನ ಕುಂಡ ಇಡಿಸಿದರು. ನಗಬೇಡಿ. “ನಾನು ಪ್ಯಾರಿಸ್ಸಿನಲ್ಲಿ ಆಡಿದವ” ಎಂದು ನಾನೇ ಎದೆಯುಬ್ಬಿಸಿ ಹೇಳಿಕೊಂಡದ್ದುಂಟು.

ಟೋಕಿಯೋದಲ್ಲೂ ನಾನಿದ್ದೆ, ಪ್ಯಾರಿಸ್ಸಿನಲ್ಲೂ ಇದ್ದೆ. ಎರಡು ಸಲವೂ ಕೊನೆಯ ಸೀಟು, ಇರಲಿ, ಸೀಟು ಸೀಟೇ. ಹೆಂಡತಿ ಮಾತ್ರ ಒಂದು ದಿನವೂ ನೋಡಲು ಬರಲಿಲ್ಲ. “ಬೆವರಿ ಬಂದ ಮೇಲೆ ಬಟ್ಟೆ ಒಗೆಯುವುದು ನಾನೇ ಅಲ್ವಾ, ಅಷ್ಟು ನೋಡಿದರೆ ಸಾಕು,” ಅಂದಳು. ಅಷ್ಟರಲ್ಲಿ ಅವಳ ತಮ್ಮ ಆಟಕ್ಕೆ ಇಳಿದ. ನನಗಿಂತ ಹನ್ನೆರಡು ವರ್ಷ ಸಣ್ಣವ. ಜೋಗೇಶ್ವರಿಯಲ್ಲಿ ಬೋಲ್ಟು-ನಟ್ಟು ಮಾಡುವ ಸಣ್ಣ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಎದುರು ಬಿಲ್ಡಿಂಗಿನಲ್ಲೇ ಹೆಂಡತಿ ಮಕ್ಕಳ ಜೊತೆ ಬಾಡಿಗೆಗೆ ಇದ್ದ. ಬಾರ್ಸಿಲೋನದ ವರ್ಷ ಎಂಟನೆಯ ಸೀಟು ಅವನಿಗೆ ಹೋಯಿತು, ನಾನು ಒಂಬತ್ತಕ್ಕೆ ಇಳಿದೆ. ಅವತ್ತಿನಿಂದ ನನ್ನ ಹೆಂಡತಿಗೆ ಟೆನಿಸ್ ಎಂದರೆ ಪಂಚಪ್ರಾಣ.

ದಿನಾ ಬರುತ್ತಿದ್ದಳು. ಲಿಂಬೆ ಶರಬತ್ತಿನ ಥರ್ಮಾಸು, ಮಡಿಸಿದ ಟವಲು, ಕೂರಲು ಒಂದು ಚಾಪೆ. “ತಮ್ಮಾ, ಹೊಡಿ! ಬಿಡಬೇಡ!” ಎಂದು ಕೂಗುವುದೇನು, ಅವನು ಒಂದು ಪಾಯಿಂಟು ಬಿಟ್ಟರೆ ತಲೆಯ ಮೇಲೆ ಕೈ ಹೊತ್ತುಕೊಳ್ಳುವುದೇನು! ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನನಗಾಗಿ ಒಮ್ಮೆಯೂ ಚಪ್ಪಾಳೆ ತಟ್ಟಿದವಳಲ್ಲ. ಶರಬತ್ತು ಉಳಿದರೆ ನನಗೆ ಕೊಡುತ್ತಿದ್ದಳು, ಅದೂ ತಳದ ಬೀಜ ಸಮೇತ.

ಇನ್ನೊಂದು ಹಿಂಸೆ ಕೇಳಿ. ದೊಡ್ಡ ಟೂರ್ನಮೆಂಟಿಗೆ ಒಂಬತ್ತನೆಯವನೂ ಹೋಗಬೇಕು. ಎಂಟರಲ್ಲಿ ಯಾರಿಗಾದರೂ ಕೈಕಾಲು ನೋವಾದರೆ ಅವನ ಜಾಗಕ್ಕೆ ಇಳಿಯಲು ಬ್ಯಾಗು ಹಿಡಿದು ಕಾಯಬೇಕು. ಮಾಸ್ತರು ಅದನ್ನೂ ಬಿಡಲಿಲ್ಲ. ವಾರವಿಡೀ ನಾನು ಬಿಳಿ ಬಟ್ಟೆ ಹಾಕಿ, ಶೂ ಬಿಗಿದು, ಬೆಂಚಿನ ಮೇಲೆ ಕೂರಬೇಕು. ಮದುವೆ ಮನೆಯಲ್ಲಿ ಊಟಕ್ಕೆ ಎಲೆ ಸಿಗದೆ ನಿಂತವನ ಹಾಗೆ. ಬಾರ್ಸಿಲೋನದಲ್ಲಿ ಕೂತೆ, ಬೋಸ್ಟನ್ನಿನಲ್ಲಿ ಕೂತೆ, ಮೆಲ್ಬರ್ನಿನಲ್ಲಿ ಕೂತೆ, ಸ್ಟಾಕ್‌ಹೋಮಿನಲ್ಲೂ ಕೂತೆ. ಒಬ್ಬನಿಗೂ ಒಂದು ನೆಗಡಿ ಬರಲಿಲ್ಲ ಮಾರಾಯ್ರೆ!

ಹ್ಯೂಸ್ಟನ್ ವರ್ಷ ಕಾಲೊನಿಯ ರೀಡೆವಲಪ್‌ಮೆಂಟ್ ಕಾಗದಪತ್ರಕ್ಕೆ ಸಹಿಯಾಯಿತು. ಜನವರಿಗೆ ಎಲ್ಲರೂ ಮನೆ ಖಾಲಿ ಮಾಡಬೇಕು, ಕೋರ್ಟು ಒಡೆಯುತ್ತಾರೆ. ಮಾಸ್ತರು ಹಲಗೆಯ ಮೇಲೆ ಹೆಸರು ಬರೆದು, “ನ್ಯೂಯಾರ್ಕ್ ಮುಟ್ಟಲಿಲ್ಲಲ್ರೀಪಾ ನಾವು,” ಎಂದು ಕೈಗೆ ಹತ್ತಿದ ಚಾಕ್‌ಪೀಸಿನ ಪುಡಿ ಕೊಡವಿಕೊಂಡರು. ಪಟ್ಟಿಯಲ್ಲಿ ಎಂಟನೆಯವ ಅವನು, ಒಂಬತ್ತನೆಯವ ನಾನು. ಇದು ಕೊನೆಯ ಸಲ. ಆ ಕೋರ್ಟಿನಲ್ಲಿ ನಾನು ಆಡುವುದನ್ನು ನನ್ನ ಹೆಂಡತಿ ಈ ವಾರ ನೋಡಬೇಕು, ಇಲ್ಲವಾದರೆ ಈ ಜನ್ಮದಲ್ಲಿ ಇಲ್ಲ. ನನಗೆ ಬೇಕಾದದ್ದು ಅಷ್ಟೇ, ಒಂದೇ ಒಂದು ಮ್ಯಾಚು.

ಶುರುವಾಗುವ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ದೇವರ ಹತ್ತಿರ ಹೋದೆ. ಯಾವಾಗಲೂ ಹೋಗುವ ದೇವಸ್ಥಾನಕ್ಕಲ್ಲ. ಅಲ್ಲಿ ಪೂಜೆಯವರಿಂದ ಹೂವಿನವರೆಗೆ ಎಲ್ಲ ನಮ್ಮ ಉಡುಪಿ ಕಡೆಯವರೇ, ಒಂದು ನಿಟ್ಟುಸಿರು ಬಿಟ್ಟರೂ ಸಂಜೆಗೆ ಮನೆಗೆ ಸುದ್ದಿ. ಆದ್ದರಿಂದ ಮಹಾ ಜಾಣನ ಹಾಗೆ ತಮಿಳರ ಗಣಪತಿ ಗುಡಿಗೆ ಹೋದೆ. ಮುಂಬೈಯ ಕನ್ನಡಿಗರಿಗೆ ಒಂದು ಅಭ್ಯಾಸ ಉಂಟು. ಲೋಕಲ್ ಟ್ರೈನಿನಲ್ಲಿ ಎದುರು ಕೂತವನ ಮೂಗಿನ ಬಗ್ಗೆಯೂ ಕನ್ನಡದಲ್ಲಿ ಗಟ್ಟಿಯಾಗಿ ಮಾತಾಡುತ್ತೇವೆ, ಇಲ್ಲಿ ಯಾರಿಗೆ ಅರ್ಥ ಆಗಬೇಕು ಎಂಬ ಧೈರ್ಯ. ಅದೇ ಧೈರ್ಯ ನನಗೆ. ಮಂಗಳಾರತಿಯ ಗಂಟೆ ಬೇರೆ ಬಡಿಯುತ್ತಿತ್ತು, ದೇವರಿಗೆ ಕೇಳಬೇಕಲ್ಲ, ಗಟ್ಟಿಯಾಗಿಯೇ ಹೇಳಿದೆ: “ಗಣಪತಿ ದೇವರೇ, ನನ್ನ ಹೆಂಡತಿಯ ತಮ್ಮನ ಕಾಲು ಉಳುಕಲಿ. ಮುರಿಯುವುದು ಬೇಡ, ಮಕ್ಕಳೊಂದಿಗ. ಒಂದು ವಾರ ಉಳುಕಿದರೆ ಸಾಕು. ಇಪ್ಪತ್ತೊಂದು ಕಾಯಿ ಒಡೆಯುತ್ತೇನೆ.” ಪಕ್ಕದಲ್ಲಿ ಪೊಂಗಲ್ ಪಾತ್ರೆ ಇಳಿಸುತ್ತಿದ್ದ ಅಡುಗೆಯವರೊಬ್ಬರು ನನ್ನನ್ನೇ ನೋಡಿದರು. ಭಕ್ತಿಗೆ ಮೆಚ್ಚಿದರು ಎಂದುಕೊಂಡೆ.

ಸೋಮವಾರ ಅವನು ಮೊದಲ ಮ್ಯಾಚು ಗೆದ್ದ, ಕುಣಿದುಕೊಂಡು. ದೇವರೂ ಅವರ ಕಡೆಯೇ ಎಂದು ಬೈದುಕೊಂಡು ಮನೆಗೆ ಹೋದೆ.

ಮಂಗಳವಾರ ಬೆಳಿಗ್ಗೆ ಅವನು ಕುಂಟುತ್ತಾ ಗೇಟಿನೊಳಗೆ ಬಂದ. ಎಡಗಾಲಿಗೆ ಕ್ರೇಪ್ ಬ್ಯಾಂಡೇಜು. “ಸ್ಟೇಷನ್ನಿನ ಮೆಟ್ಟಿಲಲ್ಲಿ ಉಳುಕಿತು ಮಾಸ್ತ್ರೇ, ಈ ವಾರ ಆಗುವುದಿಲ್ಲ. ಭಾವ ಆಡಲಿ,” ಅಂದ. ಒಂದು ಕ್ಷಣ, ಸತ್ಯವಾಗಿ ಹೇಳುತ್ತೇನೆ, ಹೆದರಿಕೆಯಾಯಿತು. ಎರಡನೆಯ ಕ್ಷಣದಲ್ಲಿ ಶೂ ಲೇಸು ಬಿಗಿಯುತ್ತಿದ್ದೆ. ದೇವರು ಇಷ್ಟು ಬೇಗ ಕೇಳಿಸಿಕೊಳ್ಳುತ್ತಾನೆ ಎಂದು ಗೊತ್ತಿದ್ದರೆ ಸಮುದ್ರ ಕಾಣುವ ಫ್ಲ್ಯಾಟೇ ಕೇಳುತ್ತಿದ್ದೆನಲ್ಲ!

ದಿನಾ ಆಟಕ್ಕೆ ಮುಂಚೆ ಮಾಸ್ತರು ತಮ್ಮ ಪೇಪರ್ ಕಟಿಂಗುಗಳ ಫೈಲು ಬಿಚ್ಚಿ ಆ ದೊಡ್ಡ ಟೂರ್ನಮೆಂಟಿನ ಒಂದು ಕತೆ ಹೇಳುತ್ತಿದ್ದರು. ಅವತ್ತಿನದು ಇದು: “ಗುಂಪಿನ ಆಟದಾಗ ಒಂದು ಕಳ್ಳದಾರಿ ಐತಿ. ಮುಂದ ಗಟ್ಟಿ ಆಸಾಮಿ ಸಿಗಬಾರದಂತ ಬೇಕಂತ ಸೋಲೋದು. ಹಿಂದ ಒಮ್ಮೆ ಹಂಗ ಸೋತ ಅಂತ ದೊಡ್ಡ ಗದ್ದಲ ಆಗಿತ್ತು. ಮನಸ್ಯಾನ ಒಳಗಿಂದು ಯಾರಿಗೆ ಗೊತ್ತ ಆಗ್ತದ್ರೀ?” ನನ್ನ ಭಾವಮೈದುನ ಬ್ಯಾಂಡೇಜಿನ ಪಿನ್ನು ಸರಿಮಾಡಿಕೊಳ್ಳುತ್ತಿದ್ದ.

ಅಕ್ಕ ಅವನನ್ನು ನಮ್ಮ ಮನೆಗೇ ಕರೆತಂದಳು. ಅಲ್ಲಿ ಏನಾಯಿತು ಗೊತ್ತುಂಟಾ? ಉಳುಕಿದ ಕಾಲಿಗೆ ರಾಜೋಪಚಾರ. ಅರಿಶಿನ ಸುಣ್ಣದ ಪಟ್ಟು, ಬಿಸಿ ಬಿಸಿ ಗಂಜಿ, ಕಾಲು ಇಡಲು ನನ್ನದೇ ದಿಂಬು. “ಪಾಪ, ಕೊನೆಯ ವರ್ಷವೇ ಹೀಗಾಗಬೇಕಾ ನಿನಗೆ,” ಎಂದು ಅಕ್ಕ ಕಣ್ಣೊರೆಸಿಕೊಂಡಳು. ನಾನೇ ಬೇಡಿ ತರಿಸಿದ ಉಳುಕಿನ ಮೇಲೆ ನನಗೇ ಹೊಟ್ಟೆಕಿಚ್ಚು! ನಾಳೆ ನನ್ನ ಮ್ಯಾಚು ಎಂಬುದು ಆ ಮನೆಯಲ್ಲಿ ಒಬ್ಬರಿಗೂ ನೆನಪಿದ್ದ ಹಾಗೆ ಕಾಣಲಿಲ್ಲ.

ಬುಧವಾರ ಸೋತೆ, ಕೆಟ್ಟದಾಗಿ. ಆದರೆ ಅವಳು ಬಂದಿದ್ದಳು, ತಮ್ಮನನ್ನು ಚಾಪೆಯ ಮೇಲೆ ಕೂರಿಸಿಕೊಂಡು. ಶುಕ್ರವಾರ ಕೊನೆಯ ಮ್ಯಾಚು. ಎದುರಿಗೆ ಮೂರನೆಯ ಬಿಲ್ಡಿಂಗಿನ ಬ್ಯಾಂಕಿನವರು, ನನ್ನ ವಯಸ್ಸಿನವರೇ. ಚೆಂಡು ಹೇಗೆ ಹೋಯಿತೋ, ಮೊಣಕಾಲು ಹೇಗೆ ಒಪ್ಪಿತೋ, ಮೂರನೆಯ ಸೆಟ್ಟಿನ ಕೊನೆಗೆ ಅವರ ಹೊಡೆತ ನೆಟ್ಟಿಗೆ ಬಿತ್ತು. ನಾನು ಗೆದ್ದೆ. ತಿರುಗಿ ನೋಡಿದರೆ ನನ್ನ ಹೆಂಡತಿ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಎತ್ತಿ ಚಪ್ಪಾಳೆ. “ಇಷ್ಟು ಚೆಂದ ಆಡ್ತೀರಾ ನೀವು? ಹೇಳಲೇ ಇಲ್ವಲ್ಲ!” ಅಂದಳು. ಥರ್ಮಾಸಿನ ಮೊದಲ ಲೋಟ ಅವತ್ತು ನನಗೆ. ಒಂದೇ ಗೆಲುವಿಗೆ ಸೆಮಿಫೈನಲ್ ಸಿಗಲಿಲ್ಲ, ಸಿಗದಿದ್ದರೆ ಹೋಗಲಿ. ಭಾನುವಾರ ಯಾರು ಕಪ್ ಎತ್ತಿದರು ಎಂಬುದೂ ನನಗೆ ಸರಿಯಾಗಿ ನೆನಪಿಲ್ಲ.

ಮುಂದಿನ ಮಂಗಳವಾರ, ಗಣಪತಿಯ ದಿನ, ಹರಕೆ ತೀರಿಸಲು ಹೊರಟೆ. ಮನೆಯಲ್ಲಿ ಹೇಳಿದ್ದು, ಗೆದ್ದದ್ದಕ್ಕೆ ಕಾಯಿ ಒಡೆಯುತ್ತೇನೆ ಎಂದು. ಇಪ್ಪತ್ತೊಂದು ಕಾಯಿಯ ಗೋಣಿ ರಿಕ್ಷಾದಿಂದ ಇಳಿಸಿ ಗುಡಿಯ ಮುಂದೆ ಏದುಸಿರು ಬಿಡುತ್ತಿದ್ದೆ. ಹಿಂದಿನಿಂದ, “ಕೊಡಿ ಭಾವ, ನೀವೊಬ್ಬರೇ ಹೊರುವುದಾ?” ಎಂಬ ಸ್ವರ. ಅಕ್ಕ ಕಳಿಸಿದ್ದಳಂತೆ. ನಾನು ಬೇಡ ಅನ್ನುವುದರೊಳಗೆ ಗೋಣಿ ಹೆಗಲಿಗೇರಿಸಿ ಮೆಟ್ಟಿಲು ಹತ್ತಿದ. ಒಂದೇ ಉಸಿರಿಗೆ, ಎಡಗಾಲು ಬಲಗಾಲು ಎನ್ನದೆ, ಎರಡೆರಡು ಮೆಟ್ಟಿಲು. ಬ್ಯಾಂಡೇಜೂ ಇಲ್ಲ. ನಾನು ಕೆಳಗೆ ನಿಂತು ಆ ಕಾಲುಗಳನ್ನೇ ನೋಡಿದೆ.

ಮೇಲೆ ಹೋದಾಗ ಆ ಅಡುಗೆಯವರು ಸೌಟು ಹಿಡಿದೇ ಹೊರಗೆ ಬಂದರು. ಬಾಯಿ ತೆರೆದರೆ ಅಚ್ಚ ಕನ್ನಡ, ಕುಂದಾಪುರ ಕಡೆಯದು! ಮುಂಬೈಯಲ್ಲಿ ಒಲೆ ಉರಿಯುವ ಕಡೆಯೆಲ್ಲ ನಮ್ಮೂರಿನವ ಒಬ್ಬ ಇದ್ದೇ ಇರುತ್ತಾನೆ ಎಂಬುದನ್ನು ನಾನು ಹೇಗೆ ಮರೆತೆ? “ಓಹೋ, ಹರಕೆ ತೀರಿಸ್ಲಿಕ್ಕೆ ಬಂದ್ರಾ?” ಎಂದು ನಕ್ಕರು. “ಇವರು ನನಗೆ ಹಳೇ ಪರಿಚಯ, ನಿಮ್ಮನ್ನೂ ಇವರ ಸಂಗಡ ನೋಡಿದ್ದೆ. ಸೋಮವಾರ ಸಂಜೆ ಸ್ಟೇಷನ್ನಿನಲ್ಲಿ ಸಿಕ್ಕಿದಾಗ ಹೇಳಿದೆ, ನಿಮ್ಮ ಭಾವ ನಿಮ್ಮ ಕಾಲಿನ ಮೇಲೆ ಇಪ್ಪತ್ತೊಂದು ಕಾಯಿ ಹೇಳಿಕೊಂಡಿದ್ದಾರೆ, ಜಾಗ್ರತೆ ಮಾರಾಯ್ರೆ ಅಂತ.”

ಇಂಗು ತಿಂದ ಮಂಗನ ಹಾಗೆ ನಿಂತೆ. ಅವನು ಗೋಣಿ ಇಳಿಸಿ, ಅಂಗಿಯ ನಾರು ಕೊಡವಿಕೊಂಡು, ನನ್ನನ್ನು ನೋಡಿದ. ಮುಖದಲ್ಲಿ ಸಿಟ್ಟಿಲ್ಲ, ಕುಹಕವಿಲ್ಲ.

“ನೀವು ಕೇಳಿದ್ದು ಒಂದು ವಾರ ಅಲ್ವಾ ಭಾವ? ಇವತ್ತಿಗೆ ವಾರ ಆಯ್ತು.”

“ಅಕ್ಕನಿಗೆ...?” ಎಂದಷ್ಟೇ ಕೇಳಿದೆ.

“ಇಲ್ಲ ಇಲ್ಲ. ಅಷ್ಟು ಖುಷಿಯಲ್ಲಿ ಚಪ್ಪಾಳೆ ಹೊಡೆದಳು, ಅವಳಿಗೆ ಯಾಕೆ ಹೇಳುವುದು.”

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಕಾಲರ್ ಹಿಡಿದಿದ್ದರೆ ಇಬ್ಬರೂ ಸರಿಸಮ ಆಗುತ್ತಿದ್ದೆವು. ಅವನು ಏನೂ ಮಾಡಲಿಲ್ಲ, ಗೋಣಿಯ ಬಾಯಿ ಬಿಚ್ಚಿ ಒಂದೊಂದೇ ಕಾಯಿ ನನ್ನ ಕೈಗೆ ಕೊಟ್ಟ. ನಾನು ಕಲ್ಲಿಗೆ ಅಪ್ಪಳಿಸಿದೆ. ಕೆಲವು ಬಿರುಕು ಬಿಟ್ಟು ಉರುಳಿದವು, ಕೆಲವಕ್ಕೆ ಎರಡು ಮೂರು ಸಲ ಹೊಡೆಯಬೇಕಾಯಿತು, ನೀರೆಲ್ಲ ನನ್ನ ಪ್ಯಾಂಟಿನ ಮೇಲೆ. ಇಪ್ಪತ್ತು ಮುಗಿಯುವಾಗ ತೋಳು ಸೋತಿತ್ತು. ಕೊನೆಯದನ್ನು ಅವನಿಗೇ ತಿರುಗಿ ಕೊಟ್ಟು, “ಇದು ನೀನು ಒಡಿ,” ಎಂದೆ. ಕ್ಷಮಿಸು ಎಂದು ಹೇಳಲು ನನಗೆ ಗೊತ್ತಿದ್ದದ್ದು ಅಷ್ಟೇ.

ಅವನು ಕಣ್ಣು ಮುಚ್ಚಿ ಕೈಮುಗಿದು ಒಂದೇ ಏಟು ಹಾಕಿದ. ಕಾಯಿ ನಡುವಿಗೆ ಸರಿಯಾಗಿ ಎರಡು ಹೋಳಾಯಿತು. ನನ್ನ ಇಪ್ಪತ್ತರಲ್ಲಿ ಒಂದೂ ಹಾಗೆ ಒಡೆದಿರಲಿಲ್ಲ. ಅದನ್ನು ಕಂಡು, ದೇವರ ಎದುರಿಗೇ, ನನಗೆ ಮತ್ತೆ ಹೊಟ್ಟೆ ಉರಿಯಿತು.