ದುಗ್ಗಪ್ಪ ಮೇಷ್ಟ್ರ ಬರಿ ಆಕಾಶ

ಹೊಸನಗರದ ಮಿಡ್ಲ್ ಸ್ಕೂಲಿಗೆ ಡ್ರಾಯಿಂಗ್ ಮೇಷ್ಟ್ರಾಗಿದ್ದ ದುಗ್ಗಪ್ಪನವರಿಗೆ ಒಂದು ರೋಗವಿತ್ತು. ಡಾಕ್ಟರಿಗೆ ತೋರಿಸುವಂಥದ್ದಲ್ಲ. ಬಿಟ್ಟು ಬಂದದ್ದನ್ನು ಮತ್ತೆ ಹೋಗಿ ನೋಡುವ ರೋಗ. ಸಂಜೆ ಶಾಲೆಯ ಕಪಾಟಿಗೆ ಬೀಗ ಹಾಕಿ ಎಳೆದು ನೋಡುವರು. ಅಂಗಳ ದಾಟಿದ ಮೇಲೆ, ಎಳೆದು ನೋಡಿದ್ದು ನಿಜವೋ ಸುಳ್ಳೋ ಎಂದು ಸಂಶಯ ಬರುವುದು. ವಾಪಸು ಹೋಗಿ ಇನ್ನೊಮ್ಮೆ ಎಳೆಯುವರು. ಎಳೆಸಿಕೊಂಡು ಎಳೆಸಿಕೊಂಡು ಆ ಬೀಗ ಹಸುವಿನ ಕೆಚ್ಚಲಿನ ಹಾಗೆ ಜೋತುಬಿದ್ದಿತ್ತು. ಶಾಲೆಗೂ ಬಸ್ ಸ್ಟ್ಯಾಂಡಿಗೂ ನಡುವೆ ಮೇಷ್ಟ್ರು ಹೋಗಿ ಬಂದು ತುಳಿದ ದಾರಿ ಎಷ್ಟು ತಗ್ಗಾಗಿತ್ತೆಂದರೆ, ಮಳೆಗಾಲದಲ್ಲಿ ಅದರಲ್ಲಿ ನೀರು ಹರಿದು ಜನ ಬುಟ್ಟಿ ಒಡ್ಡಿ ಮೀನು ಹಿಡಿಯುತ್ತಿದ್ದರು.

ಲೆಕ್ಕದ ಮೇಷ್ಟ್ರಿಗೆ ಈ ರೋಗ ಇದ್ದಿದ್ದರೆ ಒಳ್ಳೆಯ ಹೆಸರೇ ಬರುತ್ತಿತ್ತು. ಆದರೆ ದುಗ್ಗಪ್ಪನವರು ಮನಸ್ಸು ಕೊಟ್ಟದ್ದು ನೀರುಬಣ್ಣದ ಹಿನ್ನೆಲೆಗೆ. ಡ್ರಾಯಿಂಗ್ ಮೇಷ್ಟ್ರುಗಳು ಅದನ್ನು ವಾಶ್ ಅನ್ನುತ್ತಾರೆ. ಕೇಳುವುದಕ್ಕೆ ಬಟ್ಟೆ ಒಗೆದಷ್ಟು ಸುಲಭ. ಹಾಳೆಯನ್ನು ನೆನೆಸಿ ಹಲಗೆಗೆ ಬಿಗಿಯಾಗಿ ಅಂಟಿಸಬೇಕು, ಹಲಗೆಯ ತಲೆಯ ಕಡೆ ಒಂದು ಇಟ್ಟಿಗೆ ಕೊಟ್ಟು ಇಳಿಜಾರು ಮಾಡಬೇಕು, ದಪ್ಪ ಕುಂಚದ ತುಂಬ ಬಣ್ಣದ ನೀರು ತೆಗೆದುಕೊಂಡು ಈ ಅಂಚಿನಿಂದ ಆ ಅಂಚಿಗೆ ಎಳೆಯಬೇಕು. ಎಳೆದ ಗೆರೆಯ ಕೆಳಗೆ ನೀರು ಬಂದು ನಿಲ್ಲುತ್ತದಲ್ಲ, ಅದನ್ನು ಮುಂದಿನ ಗೆರೆಯಲ್ಲಿ ಕೂಡಿಸಿಕೊಳ್ಳುತ್ತ ಕೆಳಕ್ಕೆ ಇಳಿಯಬೇಕು. ತುದಿಗೆ ಬಂದ ಮೇಲೆ ಉಳಿದ ಹನಿಯನ್ನು ಹಿಂಡಿದ ಕುಂಚದಿಂದ ಹೀರಿ, ಎದ್ದುಬಿಡಬೇಕು. ಅಷ್ಟೇ. ಒಂದೇ ನಿಯಮ: ಮೇಲೆ ಎಳೆದು ಬಂದದ್ದನ್ನು ಮತ್ತೆ ಮುಟ್ಟಬಾರದು. ಮುಟ್ಟಿದರೆ ಅಲ್ಲಿ ಒಂದು ಕಲೆ ಹೂಕೋಸಿನ ಹಾಗೆ ಅರಳಿಕೊಳ್ಳುತ್ತದೆ, ಅದು ಮತ್ತೆ ಹೋಗುವುದಿಲ್ಲ.

ಮುಟ್ಟದೆ ಇರುವುದೊಂದು ಬಿಟ್ಟು ಉಳಿದೆಲ್ಲ ದುಗ್ಗಪ್ಪನವರಿಗೆ ಬರುತ್ತಿತ್ತು.

ಹುದ್ದೆ ಟೆಂಪೊರರಿ. ಖಾಯಂ ಆಗಬೇಕಾದರೆ ಸಾಗರದಲ್ಲಿ ಪರೀಕ್ಷಕರ ಮುಂದೆ ಒಂದು ಫುಲ್ ಶೀಟು ಆಕಾಶ ಇಡಬೇಕು. ಮೇಲೆ ದಟ್ಟ ನೀಲಿ, ಕೆಳಗೆ ಬರಬರುತ್ತ ತಿಳಿ, ನಡುವೆ ಗೆರೆ ಕಲೆ ಏನೂ ಇರಕೂಡದು. ಅವಕಾಶ ಮೂರು ಸಲ. ಮೂರನೆಯದೂ ಹೋಯಿತೋ, ಊರಿಗೆ ಹೋಗಿ ಅಪ್ಪ ಬಿಟ್ಟುಹೋದ ಗೇಣಿ ಗದ್ದೆಯಲ್ಲಿ ಕೋಣ ಹೊಡೆಯಬೇಕು. ದುಗ್ಗಪ್ಪನವರಿಗೆ ಕೋಣಗಳ ಮೇಲೆ ದ್ವೇಷವಿರಲಿಲ್ಲ. ಆದರೆ ಅವುಗಳ ಜೊತೆ ಆಕಾಶದ ವಿಷಯ ಮಾತಾಡುವ ಹಾಗಿರಲಿಲ್ಲ.

ಮೊದಲನೆಯ ಆಕಾಶವನ್ನು ಎಳೆದದ್ದು ಆಷಾಢದಲ್ಲಿ, ಹುಲಿಕಲ್ಲಿನ ನೆಂಟರ ಮನೆಯಲ್ಲಿ. ಆ ಘಟ್ಟದ ಮಂಜಿನಲ್ಲಿ ಒಗೆದ ಪಂಚೆ ಒಣಗಬೇಕಾದರೆ ಉಟ್ಟವನಿಗೆ ವಯಸ್ಸಾಗುತ್ತದೆ. ವಾಶ್ ಒಣಗಲೇ ಇಲ್ಲ. ಮೇಷ್ಟ್ರು ಒಣಗಿತೇ ಎಂದು ದಿನಾ ಬೆಳಿಗ್ಗೆ ಹೋಗಿ ಬೆರಳಿನಿಂದ ಮುಟ್ಟಿ ನೋಡಿದರು. ಕೊನೆಗೆ ಒಂದು ಕಪ್ಪೆ ಅದನ್ನು ಕೆರೆ ಎಂದು ತಿಳಿದು ಸಂಸಾರ ಹೂಡುವುದಕ್ಕೆ ಬಂತು. ಪರೀಕ್ಷಕರು ಹಾಳೆ ನೋಡಿ, "ಇಷ್ಟೊಂದು ಹೂಕೋಸು ಎಲ್ಲಿ ಬೆಳೆದ್ರಿ ಮೇಷ್ಟ್ರೇ?" ಎಂದು ವಾಪಸು ಕೊಟ್ಟರು.

ಎರಡನೆಯದಕ್ಕೆ ಬುದ್ಧಿ ಬಂದು ಬೇಸಿಗೆಯಲ್ಲಿ ತೀರ್ಥಹಳ್ಳಿಗೆ ಹೋಗಿ ತುಂಗೆಯ ಬಂಡೆಯ ಮೇಲೆ ಕೂತರು. ಅಲ್ಲಿಯ ಬಿಸಿಲಿಗೆ ಬಣ್ಣ ಕುಂಚದಿಂದ ಹಾಳೆಗೆ ಬರುವ ದಾರಿಯಲ್ಲೇ ಒಣಗಿ ಪುಡಿಯಾಗಿ ಉದುರುತ್ತಿತ್ತು. ಹೇಗೋ ಒಂದು ಮಾಡಿದರು, ಅದೂ ತಕ್ಕಮಟ್ಟಿಗೆ ಚೆನ್ನಾಗಿಯೇ ಬಂತು. ಆದರೆ ಬಲಗಡೆಯ ಮೂಲೆ ಸ್ವಲ್ಪ ತೆಳುವಾಯಿತೇನೋ ಎಂದು ತಿರುಗಿ ಹೋಗಿ ಒಂದು ಎಳೆ ಎಳೆದರು. ಅಲ್ಲಿಗೆ ಅದರ ಕತೆಯೂ ಮುಗಿಯಿತು. ಸಾಲದ್ದಕ್ಕೆ ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ಶಿವಮೊಗ್ಗದ ಮೇಲೆ ಸಾಗರಕ್ಕೆ ಹೋಗಲೆಂದು ಮಂಡಗದ್ದೆಯ ಹತ್ತಿರ ಬಸ್ಸಿಗೆ ಕಾಯುವಾಗ, ಅಲ್ಲಿಯ ಹಕ್ಕಿಗಳು ಆಕಾಶದ ತುಂಡೊಂದು ರಸ್ತೆ ಬದಿಯಲ್ಲಿ ನಿಂತಿದೆ ಎಂದು ತಮ್ಮ ಮರಿಗಳನ್ನು ಹಾರುವುದು ಕಲಿಸಲು ಅಲ್ಲಿಗೇ ಕರೆದುಕೊಂಡು ಬಂದುವಂತೆ. ಆಕಾಶದಲ್ಲಿ ಹಕ್ಕಿಗಳು ಏನು ಮಾಡುತ್ತವೋ ಅದನ್ನೆಲ್ಲ ಮಾಡಿ ಹೋದವು.

ಉಳಿದದ್ದು ಒಂದು ಅವಕಾಶ, ಶಿವಮೊಗ್ಗದಿಂದ ತರಿಸಿದ ಒಂದೇ ಒಂದು ಶೀಟು. ಪರೀಕ್ಷೆ ಬಿದ್ದದ್ದು ಭೂಮಿ ಹುಣ್ಣಿಮೆಯ ದಿನ.

ಹುಣ್ಣಿಮೆಗೆ ಎಂದು ಮೇಷ್ಟ್ರು ಊರಿಗೆ ಬಂದಿದ್ದರು. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತ ಕಾಲ, ಬಸುರಿ ಭೂಮಿತಾಯಿಗೆ ಬಯಕೆಯ ಊಟ ಹೊತ್ತುಕೊಂಡು ಹೋಗುವ ಹಬ್ಬ. ಆ ಊಟ ಹೊರುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯಬೇಕು. ಊರಿನಲ್ಲಿ ಆ ಕೆಲಸಕ್ಕೆ ಮೇಷ್ಟ್ರ ಅವ್ವ ಕೆರಿಯಮ್ಮನೇ ಆಗಬೇಕು. ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವುದಕ್ಕೂ ಅವಳೇ. ಅವಳು ಎಳೆದ ಗೆರೆಯ ಮೇಲೆ ಇರುವೆಗಳು ಸಾಲು ತಪ್ಪದೆ ನಡೆಯುವುದನ್ನು ಕಲಿತವು ಎಂದು ಊರವರು ಹೇಳುತ್ತಿದ್ದರು.

ಕೆರಿಯಮ್ಮನಿಗೆ ಒಂದು ಕಾನೂನಿತ್ತು. ಗೋಡೆಯಾಗಲಿ ಬುಟ್ಟಿಯಾಗಲಿ, ಬಳಿದು ಒಣಗಿಸಿದ್ದನ್ನು ಬರಿದಾಗಿ ಬಿಟ್ಟು ಹೊತ್ತು ಮುಳುಗಿಸಬಾರದು. ಬರಿ ನೆಲ ಕಂಡರೆ ಏನೇನೋ ಬಂದು ಕೂತುಕೊಳ್ಳುತ್ತವೆ. ಏನೇನೋ ಎಂದರೆ ಏನು ಎಂದು ಅವಳೂ ಬಿಡಿಸಿ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಹಬ್ಬದ ಮುಂಚಿನ ದಿನ ಮಳೆ ಬಿಟ್ಟಿತ್ತು, ಬಿಸಿಲು ಇನ್ನೂ ಹರಿತವಾಗಿರಲಿಲ್ಲ. ಗಾಳಿಯಲ್ಲಿ ಎಷ್ಟು ಬೇಕೋ ಅಷ್ಟೇ ತೇವ. ಮೇಷ್ಟ್ರು ಸಗಣಿ ಸಾರಿಸಿದ ಜಗಲಿಯ ಮೇಲೆ ಹಲಗೆ ಇಟ್ಟು, ಉಸಿರು ಬಿಗಿಹಿಡಿದು, ಒಂದು ಆಕಾಶ ಎಳೆದರು. ಎಳೆದು ಮುಗಿಯುವುದಕ್ಕೂ ಕೊಟ್ಟಿಗೆಯಲ್ಲಿ ಕರು ಕಣ್ಣಿ ಬಿಚ್ಚಿಕೊಂಡು ಪೈರಿಗೆ ನುಗ್ಗುವುದಕ್ಕೂ ಸರಿಹೋಯಿತು. ಕರುವಿನ ಹಿಂದೆ ಗದ್ದೆ ಬಯಲೆಲ್ಲ ಓಡಿದ್ದರಿಂದ, ತಿರುಗಿ ಹೋಗಿ ಮುಟ್ಟುವುದಕ್ಕೆ ಆಗಲಿಲ್ಲ. ಬಂದು ನೋಡುತ್ತಾರೆ: ಒಣಗಿದೆ. ಎಲ್ಲೂ ಒಂದು ಗೆರೆಯಿಲ್ಲ. ನೊಣವೊಂದು ಕೂರಲು ಬಂದು ಹಿಡಿತ ಸಿಗದೆ ಜಾರಿ ಬಿತ್ತು.

ದುಗ್ಗಪ್ಪನವರು ಹಲಗೆಯನ್ನು ಗೋಡೆಗೆ ಒರಗಿಸಿ, ಸಂತೋಷ ತಡೆಯಲಾರದೆ ಸ್ನಾನಕ್ಕೆ ಹೋದರು.

ಸ್ನಾನ ಮುಗಿಸಿ ಬಂದಾಗ ಕೆರಿಯಮ್ಮ ಹಲಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಬರೆದು ಮುಗಿಸಿದ ಬುಟ್ಟಿ. ಕೈಯಲ್ಲಿ ನಾರಿನ ಕುಂಚ. ಆಕಾಶದ ನಾಲ್ಕು ಅಂಚಿಗೂ ಎಳೆ ಎಳೆಯಾಗಿ ಬಿಳಿ ಗೆರೆ ಸುತ್ತಿ ಬಂದಿತ್ತು. ನಡುವೆ ಬಾಸಿಂಗ, ಅದರೊಳಗೆ ಗಂಡು ಹೆಣ್ಣು, ಕೆಳಗೆ ದಂಡಿಗೆ ಪಲ್ಲಕ್ಕಿ ಹೊತ್ತ ದಿಬ್ಬಣದ ಜನ.

"ಅವ್ವಾ!"

"ಕೂಗಬ್ಯಾಡ, ಗೆರೆ ಅಲುಗ್ತದೆ. ಬುಟ್ಟಿಗೆ ಕಲೆಸಿದ ಹಿಟ್ಟು ಉಳೀತು ಮಗಾ. ನೀ ನೋಡಿದ್ರೆ ಇಷ್ಟ್ ಚಂದಾಗಿ ನೆಲ ಬಳ್ದು, ಬರಿದೇ ಬಿಟ್ಟು ಮೀಯಕೆ ಹೋಗೀಯ. ಮೂರು ಸಂಜೆ ಆಗ್ತಾ ಬಂತು. ನಾ ಬರೀದೆ ಇನ್ಯಾರು ಬರೀಬೇಕು?"

"ಅದು ಬರಿದೇ ಇರ್ಬೇಕಾಗಿತ್ತಲ್ಲೇ ಅವ್ವಾ! ಅದು ಆಕಾಶ!"

ಕೆರಿಯಮ್ಮ ಹೊರಗೆ ಆಕಾಶವನ್ನು ಒಂದು ಸಲ ನೋಡಿದಳು. ಅಲ್ಲಿ ಆಗಲೇ ಚಂದ್ರ ಬಂದಿದ್ದ.

"ಅಲ್ಲೂ ಬರಿದೇ ಬಿಟ್ಟಿಲ್ಲ ನೋಡು," ಎಂದು ದಂಡಿಗೆಯವರಲ್ಲಿ ಒಬ್ಬನಿಗೆ ಕಾಲು ಬಾಕಿ ಇದ್ದದ್ದನ್ನು ಬರೆದು ಮುಗಿಸಿದಳು. "ಇನ್ನು ತಗಂಡೋಗು. ಯಾರಿಗೆ ತೋರಿಸ್ತಿಯೋ ತೋರಿಸು. ನಂಗೇನೂ ನಾಚಿಕೆ ಇಲ್ಲ."

ಇನ್ನೊಂದು ಶೀಟು ಇರಲಿಲ್ಲ. ಒರೆಸಿದರೆ ಹಿಟ್ಟಿನ ಜೊತೆ ನೀಲಿಯೂ ಬರುತ್ತದೆ. ಹೋಗದಿದ್ದರೂ ನಪಾಸು, ಹೋದರೂ ನಪಾಸು. ಹೋದರೆ ಬಸ್ಸಿನಲ್ಲಿ ಕೂತ ಹಾಗಾದರೂ ಆಯಿತು ಎಂದು ಮೇಷ್ಟ್ರು ಮರುದಿನ ಗದ್ದೆಯಲ್ಲಿ ಪೂಜೆ ಮುಗಿಸಿ, ಕಡುಬು ತಿಂದು, ಹಾಳೆಯನ್ನು ಹಲಗೆಯಿಂದ ಕತ್ತರಿಸಿ ಬಿಡಿಸಿ ಸುರುಳಿ ಸುತ್ತಿಕೊಂಡು ಹೊರಟರು.

ಬಸ್ಸಿನ ಕಂಡಕ್ಟರು ಗೋಪಾಲಪ್ಪನಿಗೆ ಇವರ ರೋಗ ಚೆನ್ನಾಗಿ ಗೊತ್ತಿತ್ತು. "ಬೀಗ ಎಳ್ದು ನೋಡಿ ಬಂದ್ರಾ ಮೇಷ್ಟ್ರೇ? ಬೇಕಾದ್ರೆ ಇನ್ನೊಂದ್ ಸಲ ನೋಡ್ಕಂಡ್ ಬನ್ನಿ. ಬಸ್ಸು ನಾಳೇನೂ ಬರತ್ತೆ."

ಆಗ ಲಿಂಗನಮಕ್ಕಿಯ ಅಣೆಕಟ್ಟಿಗೆ ಸಿಮೆಂಟು ಹೊತ್ತ ಲಾರಿಗಳು ಓಡಾಡಿ ಸಾಗರದ ರಸ್ತೆ ಹೇಗಾಗಿತ್ತೆಂದರೆ, ಒಂದು ಹೊಂಡದಲ್ಲಿ ಇಳಿದ ಬಸ್ಸು ಆಚೆ ದಡಕ್ಕೆ ಹತ್ತುವಷ್ಟರಲ್ಲಿ ಮುಂದಿನ ಸೀಟಿನವರಿಗೆ ಒಂದು ಹವಾಮಾನ, ಹಿಂದಿನವರಿಗೆ ಇನ್ನೊಂದು. ಪ್ರತಿ ಹೊಂಡಕ್ಕೂ ಸುರುಳಿಯ ಬಾಯಿಂದ ಅಕ್ಕಿಹಿಟ್ಟು ಉದುರಿತು.

"ಮೇಷ್ಟ್ರೇ, ಸುರುಳೀಲಿ ಎಂಥದದು? ಹೆಂಗಸರ ತಲೆ ಎಲ್ಲ ನರೆದು ಹೋಯ್ತಲ್ರೀ," ಎಂದ ಗೋಪಾಲಪ್ಪ. "ವಾಪಸು ಹೋಗೋ ಕೊನೇ ಬಸ್ಸೂ ನಂದೇ. ಎರಡು ಹಾರ್ನು ಹೊಡಿಸ್ತೀನಿ. ಮೂರನೇದು ಇಲ್ಲ, ಈಗಲೇ ಹೇಳಿದೀನಿ."

ಸಾಗರದಲ್ಲಿ ಪರೀಕ್ಷಕರು ಕೃಷ್ಣಯ್ಯ, ತೀರ್ಥಹಳ್ಳಿ ಕಡೆಯವರು. ಹಾಳೆಯನ್ನು ನೆಟ್ಟಗೆ ನೋಡಿ, ತಲೆಕೆಳಗು ಮಾಡಿ ನೋಡಿ, ಬೆಳಕಿಗೆ ಹಿಡಿದು ಹಿಂದಿನಿಂದಲೂ ನೋಡುವ ಜಾತಿ. ಇವರ ಸರದಿ ಬಂದದ್ದು ಎಲ್ಲರ ಕೊನೆಗೆ. ಸುರುಳಿ ಬಿಚ್ಚಿದಾಗ ಮೇಜಿನ ಮೇಲೆ ಒಂದು ರೊಟ್ಟಿಗೆ ಆಗುವಷ್ಟು ಹಿಟ್ಟು ಬಿತ್ತು. ಆದರೂ ಚಿತ್ತಾರ ಮುಕ್ಕಾಲು ಪಾಲು ಹಾಗೇ ಹಿಡಿದುಕೊಂಡಿತ್ತು.

"ಇದೆಂಥದು ಮೇಷ್ಟ್ರೇ?"

"ಆಕಾಶ ಸಾರ್."

"ಆಕಾಶದಾಗೆ ಇದ್ಯಾರ ದಿಬ್ಬಣ ಹೊರಟಿದ್ದು?"

"ನಮ್ಮ ಅವ್ವ ಬರೆದದ್ದು ಸಾರ್. ನಾನು ಸ್ನಾನಕ್ಕೆ ಹೋಗಿದ್ದೆ."

"ಪರೀಕ್ಷೆ ನಿಮಗೋ, ನಿಮ್ಮ ಅವ್ವಂಗೋ?" ಕೃಷ್ಣಯ್ಯ ನಸ್ಯ ಏರಿಸಿ ಹಾಳೆಯನ್ನು ತಲೆಕೆಳಗು ಮಾಡಿದರು. ದಿಬ್ಬಣದವರು ತಲೆಯ ಮೇಲೆ ನಡೆದರು. "ಗೆರೆ ಗೆರೆ ನಡುವೆ ಕಾಣೋವಷ್ಟು ನೀಲಿ ಚೆನ್ನಾಗೇ ಇದೆ. ಗೆರೆ ಕೆಳಗೆ ಏನು ಮುಚ್ಚಿಟ್ಟಿದೀರೋ ನನಗೆ ಹ್ಯಾಗೆ ಗೊತ್ತಾಗಬೇಕು? ಅಲ್ಲಿ ಹಲಗೆಗೆ ಅಂಟಿಸಿದ ಶೀಟು ಒಂದಿದೆ. ನನ್ನೆದುರಿಗೇ ಒಂದು ಎಳೀರಿ."

ಕಿಟಕಿಯ ಆಚೆ ಬಸ್ ಸ್ಟ್ಯಾಂಡು. ಮೇಷ್ಟ್ರು ಬಣ್ಣ ಕಲೆಸಿ ಕುಂಚ ಅದ್ದುವುದಕ್ಕೂ ಗೋಪಾಲಪ್ಪನ ಮೊದಲನೆಯ ಹಾರ್ನು ಕೇಳುವುದಕ್ಕೂ ಸರಿಹೋಯಿತು. ಸಾಗರದಲ್ಲಿ ಉಳಿದುಕೊಳ್ಳೋಣವೆಂದರೆ ಗುರುತಿನವರಿಲ್ಲ. ಬೆಳಿಗ್ಗೆ ಹೊಸನಗರದಲ್ಲಿ ಶಾಲೆಯ ಬಾಗಿಲು ತೆಗೆಯಬೇಕು, ಬೀಗದ ಕೈ ಇವರ ಸೊಂಟದ ಉಡಿದಾರದಲ್ಲಿ. ಒಂದು ಕಣ್ಣು ಕಿಟಕಿಯ ಮೇಲೆ, ಇನ್ನೊಂದು ಹಾಳೆಯ ಮೇಲೆ. ಎಡದಿಂದ ಬಲಕ್ಕೆ, ಕೆಳಗೆ ಇಳಿ, ಎಡದಿಂದ ಬಲಕ್ಕೆ. ಮೇಲಿನ ಗೆರೆ ಏನಾಯಿತು ಎಂದು ನೋಡುವುದಕ್ಕೆ ಮೂರನೆಯ ಕಣ್ಣು ಇರಲಿಲ್ಲ. ತುದಿ ಮುಟ್ಟುವಾಗ ಎರಡನೆಯ ಹಾರ್ನು. ಕುಂಚ ಹಿಂಡಿ ಕೊನೆಯ ಹನಿ ಹೀರಿ, "ಬರ್ತೀನಿ ಸಾರ್!" ಎಂದು ಕೊಡೆ, ಅವ್ವನ ದಿಬ್ಬಣ ಎಲ್ಲ ಅಲ್ಲೇ ಬಿಟ್ಟು ಓಡಿದರು.

ಬಸ್ಸು ಊರು ದಾಟಿದ ಮೇಲೆ ನೆನಪಾಯಿತು: ತಾವು ಎಳೆದದ್ದನ್ನು ತಾವು ನೋಡಿಯೇ ಇಲ್ಲ.

"ಗೋಪಾಲಪ್ಪಾ, ಸ್ವಲ್ಪ ನಿಲ್ಸು ಮಾರಾಯ. ಒಂದ್ ಸಲ ಹೋಗಿ ನೋಡ್ಕಂಡು..."

"ಇಳೀರಿ, ಧಾರಾಳಾಗಿ ಇಳೀರಿ. ಹುಲಿಗಳಿಗೂ ಇವತ್ತು ಹಬ್ಬ ಅಲ್ವಾ."

ಮೇಷ್ಟ್ರು ಇಳಿಯಲಿಲ್ಲ. ಹೊಸನಗರದವರೆಗೂ ಹಿಂದಕ್ಕೆ ತಿರುಗಿಯೇ ಕೂತಿದ್ದರಿಂದ ಕತ್ತು ಅಲ್ಲೇ ನಿಂತುಬಿಟ್ಟಿತು. ದೀಪಾವಳಿಯವರೆಗೆ ಮಕ್ಕಳಿಗೆ ಬೆನ್ನು ಹಾಕಿ ಪಾಠ ಮಾಡಿದರು ಎಂದು ಹೇಳುವವರಿದ್ದಾರೆ.

ಹುದ್ದೆ ಖಾಯಂ ಆಯಿತು. ಯಾವ ಹಾಳೆಗೆ ಆಯಿತು, ಎಳೆದು ಓಡಿ ಬಂದದ್ದಕ್ಕೋ ದಿಬ್ಬಣದ ಆಕಾಶಕ್ಕೋ, ಅದನ್ನು ಯಾರೂ ತಿಳಿಸಲಿಲ್ಲ. ಕೆರಿಯಮ್ಮನಿಗೆ ಆ ಸಂಶಯವೇ ಇರಲಿಲ್ಲ. ಮಗನಿಗೆ ನೌಕರಿ ಕೊಡಿಸಿದ ಹುಮ್ಮಸ್ಸಿನಲ್ಲಿ ಅವಳು ನುಣುಪಾಗಿ ಕಂಡದ್ದಕ್ಕೆಲ್ಲ ಚಿತ್ತಾರ ಬರೆಯತೊಡಗಿದ್ದರಿಂದ, ಭೂಮಿ ಹುಣ್ಣಿಮೆ ಹತ್ತಿರ ಬಂದರೆ ಊರಿನ ಬೋಳುತಲೆಯವರು ಅವಳ ಮನೆಯ ಮುಂದೆ ಟೊಪ್ಪಿ ಇಲ್ಲದೆ ಓಡಾಡುತ್ತಿರಲಿಲ್ಲ.

ಕೆಲವು ವರ್ಷ ಕಳೆದ ಮೇಲೆ, ಅಣೆಕಟ್ಟು ಮುಗಿದು ಲಾರಿಗಳೆಲ್ಲ ಹೊರಟುಹೋದ ಕಾಲಕ್ಕೆ, ದುಗ್ಗಪ್ಪನವರು ಬೇರೇನೋ ಕೆಲಸಕ್ಕೆ ಸಾಗರಕ್ಕೆ ಹೋದವರು ಆ ಕಚೇರಿಗೆ ನುಗ್ಗಿದರು. ಕೃಷ್ಣಯ್ಯನವರಿಗೆ ವರ್ಗವಾಗಿತ್ತು.

"ಹಸೆ ಬರೆದಿದ್ದ ಹಾಳೆನಾ? ಸಾಹೇಬ್ರು ಹೋಗುವಾಗ ಮನೆಗೆ ತಗಂಡೋದ್ರು, ಮಗಳ ಮದ್ವೆ ಅಂತ," ಎಂದ ಜವಾನ. "ಇನ್ನೊಂದು ಇಲ್ಲೇ ಇದೆಯಲ್ಲ."

ಗೋಡೆಯ ಮೇಲೆ ನೀಲಿ ಹಾಳೆ ಇತ್ತು. ಅದರ ಮೇಲೆ ಒಂದು ಬೀಡಿ ಕಂಪನಿಯ ಕ್ಯಾಲೆಂಡರು, ರಜದ ಪಟ್ಟಿ, 'ಉಗುಳಬಾರದು' ಎಂಬ ಬರಹ, ಯಾರದೋ ಗೃಹಪ್ರವೇಶದ ಕರೆಯೋಲೆ.

"ಇದಕ್ಕೆ ಇವನ್ನೆಲ್ಲ ಯಾಕಯ್ಯಾ ಅಂಟಿಸಿದ್ದು?"

"ಇಷ್ಟ್ ಚಂದದ ಹಾಳೆ ಬರಿದೇ ಇತ್ತಲ್ಲ ಸಾರ್. ನೋಡಕೇ ಒಂಥರಾ ಆಗ್ತಿತ್ತು."

ಮೇಷ್ಟ್ರಿಗೆ ಅವ್ವನ ನೆನಪಾಯಿತು. ಕ್ಯಾಲೆಂಡರನ್ನು ಎತ್ತಿ ನೋಡಿದರು, ರಜದ ಪಟ್ಟಿಯ ಅಂಚು ಬಿಡಿಸಿ ಇಣುಕಿದರು. ಮೇಲಿಂದ ಕೆಳಗಿನವರೆಗೆ ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ. ಮೈ ಹಗುರಾಗಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ನೆನಪಾಯಿತು, ಕರೆಯೋಲೆಯ ಹಿಂದೆ ನೋಡಲಿಲ್ಲ.

"ಗೋಪಾಲಪ್ಪಾ, ಒಂದೇ ನಿಮಿಷ."

ಗೋಪಾಲಪ್ಪ ಸೀಟಿ ಊದಿದ.