ಜ್ಯಾಡ ಕಡದ ದಿನ ಬರದ ಮೃತ್ಯುಪತ್ರ

ನಿಪ್ಪಾಣಿಯೊಳಗ ತಂಬಾಕಿನ ಚೀಲ ಸರಸಾಕತ್ತಾಗ ಕೈಗೆ ಜ್ಯಾಡ ಕಡೀತು. ಸಿಟ್ಟಿಗೆ ಚಪ್ಪಲಿಲೆ ಹೊಡದೆ. ಕಡದ ಹುಳಾನ ಡಾಕ್ಟರಿಗೆ ತೋರಸಬೇಕಂತ ಹಮಾಲರು ಆಮ್ಯಾಲೆ ಹೇಳಿದ್ರು. ಉಳದದ್ದನ್ನ ಸುಣ್ಣದ ಡಬ್ಬಿಯೊಳಗ ಹಾಕ್ಕೊಂಡು ಹ್ವಾದೆ.

ಡಾಕ್ಟರು ಡಬ್ಬಿ ತಗದು ನೋಡಿದ್ರು. "ವಿಷದ್ದು ಹೌದೋ ಅಲ್ಲೋ ಅಂತ ಜ್ಯಾಡದ ಹೊಟ್ಟಿ ಮ್ಯಾಲಿನ ಗುರುತು ನೋಡಿ ಹೇಳಬೇಕ್ರಿ. ನೀವು ಹೊಟ್ಟೀನ ಉಳಿಸಿಲ್ಲಲ್ಲ! ಸಂಜೀತನಕ ಇಲ್ಲೇ ಕುಂದರ್ರಿ. ಬೆವರು ಬಂದ್ರ, ಹೊಟ್ಟಿ ಹಿಂಡಿದ್ರ ಕರೀರಿ."

ಬೆವರು ಆಗಲೇ ಬಂದಿತ್ತು, ಅಂಜಿಕೀದು ಇರಬೇಕು. ಹೆಂಡತಿ ತೀರಿ ವರ್ಷ ಆಗಿತ್ತು. ಮನ್ಯಾಗ ಮೂರನೇ ಇಯತ್ತೆ ಓದೂ ಮಗಳು ಒಬ್ಬಾಕಿ. ಕಾಗದ ಇಸ್ಕೊಂಡು ಮೃತ್ಯುಪತ್ರ ಬರದೆ: ಮನಿ ಮಗಳಿಗೆ, ಮಗಳು ಚಿಂಚಲಿಯ ನನ್ನ ತಂಗಿಗೆ.

ಬಾಜೂಕ ಜುಗೂಳದ ಮುದುಕರೊಬ್ರು ಕುಂತಿದ್ರು. "ಕಾಕಾ, ಸಾಕ್ಷಿ ಅಂತ ಒಂದು ಸಹಿ ಮಾಡ್ರಿ" ಅಂದೆ.

ಅವರು ಓದಿ, "ತಂಗೀನ ಕೇಳಿಯೇನೋ ತಮ್ಮಾ? ಇನ್ನೊಬ್ರ ಮನಿ ಮುಂದ ಎಮ್ಮಿ ಕಟ್ಟಿ ಬರೂದಿದ್ರೂ ಒಂದ ಮಾತು ಕೇಳ್ತಾರ" ಅಂದ್ರು.

ತಂಗಿಗೆ ಫೋನ್ ಹಚ್ಚಿದೆ. "ನನಗೇನರ ಆದ್ರ ಹುಡುಗೀನ್ನ ನೋಡ್ಕೋತೀಯೇನು?"

"ಅಣ್ಣಾ, ವೈನಿ ತೀರಿದ ವಾರದಾಗ ಹುಡುಗಿ ತಾನಾಗೇ ನನ್ನ ಕೇಳ್ಯಾಳ. 'ಅಪ್ಪನೂ ಹೋದ್ರ ನಾ ನಿಮ್ಮನಿಗೆ ಬರ್ಲೇನತ್ತಿ' ಅಂತ. ಹೂಂ ಅಂದೀನಿ."

ಸಂಜೀತನಕ ನನಗೇನೂ ಆಗಲಿಲ್ಲ. ಡಾಕ್ಟರು ಮನಿಗೆ ಕಳಿಸಿದ್ರು.

ಮಗಳು ಬಾಗಲದಾಗ ನಿಂತು, "ಯಾಕಪ್ಪಾ ತಡಾ?" ಅಂದ್ಲು.

ಬಸ್ ಸಿಗಲಿಲ್ಲ ಅಂದೆ. ಎಲ್ಲಾ ಮೊದಲ ಗಟ್ಟಿಮಾಡಿ ಇಟ್ಟಾಕಿಗೆ ಇದಕ್ಕಿಂತ ಹೆಚ್ಚಿಗೆ ಏನು ಹೇಳೂದ್ರಿ?