ಸೇತುವೆಯ ಕೆಳಗೆ ಸಿಕ್ಕಿಕೊಂಡ ಚಪ್ಪರ

ನನ್ನ ಮದುವೆಗೆ ಚಪ್ಪರ ಇರಲಿಲ್ಲ. ಇತ್ತು, ಆದರೆ ಹಿರಿಯೂರಿನ ಹೊರಗೆ ಹೆದ್ದಾರಿಯವರು ಕಟ್ಟುತ್ತಿದ್ದ ಮೇಲ್ಸೇತುವೆಯ ಕೆಳಗೆ ಇತ್ತು.

ನಮ್ಮಪ್ಪ ಸೆಂಟ್ರಿಂಗ್ ಮೇಸ್ತ್ರಿ. ಹಸಿ ಕಾಂಕ್ರೀಟು ಗಟ್ಟಿಯಾಗಿ ತನ್ನ ಭಾರ ತಾನೇ ಹೊರುವವರೆಗೆ ಅದರಡಿ ಕಂಬ, ಹಲಗೆ ಕೊಟ್ಟು ಎತ್ತಿ ಹಿಡಿಯುವುದು ಅವನ ಕೆಲಸ. ಆಮೇಲೆ ಎಲ್ಲ ಬಿಚ್ಚಿಕೊಂಡು ಮನೆಗೆ ಬರಬೇಕು. ಕೆಲಸವಿಲ್ಲದ ದಿನಗಳಲ್ಲಿ ಅವೇ ಸರ್ವೆ ಮರದ ಕಂಬಗಳು ಊರಿನ ಮದುವೆಗಳಿಗೆ ಚಪ್ಪರವಾಗುತ್ತಿದ್ದವು. ಆಚೆ ಓಣಿಯ ಮುಸ್ಲಿಮರ ಮನೆಯವರೂ ಸೇರಿ ನಮ್ಮ ಸುತ್ತಮುತ್ತಲಿನ ಹುಡುಗಿಯರೆಲ್ಲ ಮದುವೆಯಾದದ್ದು ನಮ್ಮಪ್ಪನ ಕಂಬಗಳ ನಡುವೆಯೇ. ನನ್ನ ಸರದಿಗೆ ನಾನು ಲಂಗ ತೊಡುವ ಕಾಲದಿಂದ ಕಾದಿದ್ದೆ.

ಲಗ್ನ ಇಡುವಾಗ ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕಿ, ಅಷ್ಟರಲ್ಲಿ ಕಂಬ ಖಾಲಿಯಾಗುತ್ತವೆ ಎಂದಿದ್ದ. ಕಾಂಕ್ರೀಟು ಹಾಕುವ ಹೊತ್ತಿಗೆ ಮಳೆ ಹಿಡಿಯಿತು. ನಮ್ಮ ಕಡೆ ಮಳೆಯನ್ನು ಬೇಡ ಅಂದವರು ಯಾರೂ ಇಲ್ಲ. ಆ ಸಲ ನಾನೊಬ್ಬಳು ಅಂದೆ. ಕೊನೆಗೂ ಕಾಂಕ್ರೀಟು ಬಿದ್ದಾಗ ಮದುವೆಗೆ ಉಳಿದದ್ದು ಒಂದು ವಾರ. ಲಗ್ನ ಮುಂದೆ ಹೋಗುವ ಹಾಗಿರಲಿಲ್ಲ, ಸೇತುವೆ ಬೇಗ ಗಟ್ಟಿಯಾಗುವ ಹಾಗೂ ಇರಲಿಲ್ಲ.

ಅವ್ವ ಅತ್ತು ನೋಡಿದಳು. ಸೋದರಮಾವ ಬಂದು, ಅಂಚಿನ ನಾಲ್ಕು ಕಂಬ ಕಿತ್ತು ತಂದರೆ ಸೇತುವೆಗೇನು ಗೊತ್ತಾಗುತ್ತದೆಯೇ ಎಂದು ಕೇಳಿದ. ಅಪ್ಪ ಅವನಿಗೆ ಚಹಾ ಕುಡಿಸಿ ಕಳಿಸಿದ. ಆಗ ನಾನೇ ಸೈಟಿಗೆ ಹೋದೆ. ಮದುವೆ ಗೊತ್ತಾದ ಹುಡುಗಿ ಅಲ್ಲಿಗೆಲ್ಲ ಹೋಗಬಾರದೆಂದು ಅವ್ವ ಅಂದಳು. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಾಂಕ್ರೀಟು ಗಟ್ಟಿಯಾಗಲೆಂದು ಸೇತುವೆಯ ಮೇಲೆ ಗೋಣಿತಾಟು ಹಾಸಿ ನೀರು ಬಿಟ್ಟಿದ್ದರು. ಕೆಳಗೆ ಅಪ್ಪ ಒಂದೊಂದೇ ಕಂಬದ ಬುಡದ ಬೆಣೆ ಮುಟ್ಟಿ ನೋಡುತ್ತ ಓಡಾಡುತ್ತಿದ್ದ.

“ಊರಿಗೆಲ್ಲ ಚಪ್ಪರ ಹಾಕ್ದೆ. ನನಗೆ ಮಾತ್ರ ಇಲ್ಲ, ಅಲ್ಲೇನಪ್ಪ?” ಅಂದೆ.

ಅವನು ಮೇಲೆ ನೋಡಿದ. “ಇದು ಇನ್ನೂ ಸೇತುವೆ ಆಗಿಲ್ಲ ಕಣವ್ವ. ಬರೀ ಭಾರ ಐತೆ. ಕೆಳಗೆ ಜನ ಓಡಾಡ್ತಾರೆ.”

“ಹಂಗಾರೆ ಧಾರೆನೂ ಇದಕ್ಕೇ ಎರಿ” ಎಂದು ಹೇಳಿ ತಿರುಗಿ ನೋಡದೆ ಬಂದೆ.

ಬಾಡಿಗೆ ಶಾಮಿಯಾನದಡಿ ಮದುವೆಯಾಯಿತು. ಅದರ ಒಂದು ತುದಿಯನ್ನು ಕರೆಂಟಿನ ಕಂಬಕ್ಕೆ, ಇನ್ನೊಂದನ್ನು ಪಕ್ಕದ ಮನೆಯವರ ಲಾರಿಗೆ ಕಟ್ಟಿದ್ದರು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಗಾಳಿ ಎದ್ದು ಬಟ್ಟೆ ಹಾರಿತು. ಪುರೋಹಿತರು ಮಂತ್ರ ನಿಲ್ಲಿಸಲಿಲ್ಲ. ಬೀಗರು ಒಂದು ಕೈಯನ್ನು ಬಿಸಿಲಿಗೆ ಅಡ್ಡ ಹಿಡಿದು ಇನ್ನೊಂದರಲ್ಲಿ ಅಕ್ಷತೆ ಹಾಕಿದರು. ಸೆಂಟ್ರಿಂಗ್ ಮೇಸ್ತ್ರಿಯ ಮಗಳಂತೆ, ಎಂದು ಯಾರೋ ನಕ್ಕರು. ತಾಳ್ಯದಲ್ಲಿದ್ದ ಗಂಡನ ಮನೆಗೆ ಹೊರಡುವಾಗ ಎಲ್ಲರ ಕಾಲಿಗೂ ಬಿದ್ದೆ. ಅಪ್ಪನ ಕಾಲಿಗೂ ಬಿದ್ದೆ, ಮಾತಾಡಿಸಲಿಲ್ಲ.

ಆಷಾಢ ಬಂತು. ಹೊಸದಾಗಿ ಮದುವೆಯಾದವಳು ಆ ತಿಂಗಳು ಅತ್ತೆಯ ಮನೆಯಲ್ಲಿ ಇರಬಾರದಲ್ಲ, ಸೋದರಮಾವ ತಾಳ್ಯಕ್ಕೆ ಬಂದು ನನ್ನನ್ನು ಕರೆದುಕೊಂಡು ಹೊರಟ. ತಿಂಗಳಿಡೀ ಅಪ್ಪನೊಂದಿಗೆ ಮಾತು ಬಿಡುವುದೆಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ. ಬಂದು ನೋಡಿದರೆ ಮನೆಯ ಮುಂದೆ ಚಪ್ಪರ. ಹನ್ನೆರಡು ಕಂಬ, ಕಂಬಕ್ಕೆ ಬಾಳೆ, ಮೇಲೆ ಹಸಿ ತೆಂಗಿನ ಗರಿ, ಬಾಗಿಲಿಗೆ ಮಾವಿನ ತೋರಣ. ಕಂಬಗಳಿಗೆ ಮೆತ್ತಿದ ಸಿಮೆಂಟು ಹಾಗೇ ಇತ್ತು. ಶುಭಕಾರ್ಯವೇ ಇಲ್ಲದ ಆಷಾಢದಲ್ಲಿ ಇದ್ಯಾರ ಮದುವೆ ಎಂದು ಬೀದಿಯವರು ಕೇಳಿ ಕೇಳಿ ಅವ್ವನಿಗೆ ಸಾಕಾಗಿತ್ತು. ಸೋದರಮಾವ ಚಪ್ಪಲಿಯನ್ನು ಚಪ್ಪರದ ಹೊರಗೆ ಬಿಡಬೇಕೋ ಬಾಗಿಲ ಬಳಿ ಬಿಡಬೇಕೋ ತಿಳಿಯದೆ ನಿಂತ. ಅಪ್ಪ ಚಾಪೆ ಹಾಸಿ ನನ್ನ ಮುಖ ನೋಡಿದ. ಬೇಕಾದಾಗ ಬಾರದ ಚಪ್ಪರ ಈಗ ಯಾವ ಕರ್ಮಕ್ಕೆ ಎಂದುಕೊಂಡು ನಾನು ಸೀದಾ ಒಳಗೆ ಹೋದೆ.

ಮರುದಿನ ಸೈಟಿನ ಸೂಪರ್‌ವೈಜರ್ ಟ್ರ್ಯಾಕ್ಟರ್ ತಂದ. ಸೇತುವೆಯ ಮುಂದಿನ ಭಾಗಕ್ಕೆ ಈ ಕಂಬಗಳು ಬೇಕು, ಕೆಲಸ ನಿಂತಿದೆ, ಮೇಲಿನವರು ಬೈಯುತ್ತಿದ್ದಾರೆ ಎಂದ. ಒಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಎಲ್ಲ ಕೇಳುತ್ತಿತ್ತು. ಅಪ್ಪ ಚಾಪೆಯಿಂದ ಏಳಲಿಲ್ಲ.

“ಕಂಬ ಖಾಲಿ ಇಲ್ರಿ,” ಅಂದ. “ಮಗ್ಳು ಬಂದವ್ಳೆ.”

ಮೊರ ಅಲ್ಲೇ ಇಟ್ಟು ಹೊರಗೆ ಹೋಗಿ ಅವನ ಪಕ್ಕದಲ್ಲಿ ಕುಳಿತೆ. ಆಷಾಢ ಮುಗಿಯುವವರೆಗೆ ಸೇತುವೆ ಕಾದು ನಿಂತಿತು.